ಹನ್ನೆರಡನೆಯ ಗೂಡು

ಕಡಲಾಮೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಉಲ್ಲಾಸ ಹರಿಕಂತ್ರ ತನ್ನ ಗುರು ಫಿಲೊಮಿನಾ ಮೇಡಂ ಮುಂದೆ ಬಂದು ತಲೆ ತಗ್ಗಿಸಿ ನಿಂತ. ಮೇಡಂ ಮೂವತ್ತು ವರ್ಷ ಒಂದೇ ದಂಡೆಯಲ್ಲಿ ಆಮೆಗಳ ಜಾಡು ಹಿಡಿದು ನಡೆದವರು.

ಆ ವರ್ಷ ದಂಡೆಗೆ ಹನ್ನೊಂದು ಆಮೆಗಳು ಬಂದು ಮೊಟ್ಟೆ ಇಟ್ಟಿದ್ದವು. ನಾಯಿಗಳ ಭಯಕ್ಕೆ ಉಲ್ಲಾಸ ಹನ್ನೊಂದು ಗೂಡುಗಳನ್ನೂ ಅಗೆದಿದ್ದ. ಒಂದು ಮೊಟ್ಟೆಯೂ ಮಗುಚದಂತೆ ಬಕೆಟ್ಟಿನಲ್ಲಿಟ್ಟು, ಮೂರು ಕಿಲೋಮೀಟರ್ ಆಚೆ ಬೇಲಿಯೊಳಗೆ ಅಷ್ಟೇ ಆಳಕ್ಕೆ ಹೂತಿದ್ದ. ನೂರಕ್ಕೆ ತೊಂಬತ್ತು ಮರಿಗಳು ಸಮುದ್ರ ಸೇರಿದವು. ಅದನ್ನು ಹೆಮ್ಮೆಯಿಂದ ವರದಿಯಲ್ಲಿ ಬರೆದಿದ್ದ.

ಈಗ ಆ ದಂಡೆಗೆ ಕಲ್ಲಿನ ತಡೆಗೋಡೆ ಕಟ್ಟುವ ಯೋಜನೆ ಬಂದಿತ್ತು. ಗೋಡೆ ಬಂದರೆ ಮರಳು ಹೋಗುತ್ತದೆ. ಮರಳು ಹೋದರೆ ಆಮೆ ಹೋಗುತ್ತದೆ. ಇದಕ್ಕೆ ಪದವಿ ಬೇಕಿಲ್ಲ.

ಪರಿಶೀಲನೆಗೆ ಬಂದ ಅಧಿಕಾರಿ ದಂಡೆಯ ಈ ತುದಿಯಿಂದ ಆ ತುದಿಗೆ ನಡೆದರು. ಒಂದು ಗೂಡೂ ಕಾಣಲಿಲ್ಲ. ಉಲ್ಲಾಸನ ವರದಿಯನ್ನೇ ತೆಗೆದು ಅವನಿಗೆ ತೋರಿಸಿದರು. ಗೂಡುಗಳೆಲ್ಲ ಆಚೆ ಸುಖವಾಗಿವೆ, ಇಲ್ಲಿ ಗೋಡೆ ಕಟ್ಟಿದರೆ ಯಾವ ಆಮೆಗೂ ತೊಂದರೆಯಿಲ್ಲ ಎಂದರು. ಆಕ್ಷೇಪಣೆಗೆ ಹದಿನೈದು ದಿನ ಕೊಟ್ಟು ಹೋದರು.

“ನಾನು ಸುಳ್ಳು ಬರೆದಿಲ್ಲ, ಮೇಡಂ,” ಎಂದ ಉಲ್ಲಾಸ.

“ಇಲ್ಲ. ಹೆರಿಗೆಗೆ ತವರಿಗೆ ಬಂದವಳ ಕೂಸನ್ನು ಎತ್ತಿ ಪಕ್ಕದೂರಲ್ಲಿಟ್ಟೆ. ತವರು ಖಾಲಿ ಇದೆ ಅಂತ ಅವರು ಬರೆದುಕೊಂಡರು.”

“ಆಕ್ಷೇಪಣೆಯಲ್ಲಿ ಏನು ಬರೆಯಲಿ?”

ಮೇಡಂ ಚಪ್ಪಲಿ ಮೆಟ್ಟಿಕೊಂಡರು. “ಬಾ.”

ಹತ್ತು ಬೆಳಗು ಇಬ್ಬರೂ ದಂಡೆ ನಡೆದರು. ಏನೂ ಸಿಗಲಿಲ್ಲ. ಹನ್ನೊಂದನೆಯ ಬೆಳಗ್ಗೆ ನೀರಿನಿಂದ ಮೇಲಕ್ಕೆ ಹೋಗಿ ತಿರುಗಿ ನೀರಿಗೇ ಇಳಿದ ಜಾಡು ಕಂಡಿತು. ನಡುವೆ ಹಸಿ ಮರಳು ಮುಚ್ಚಿದ ಗುರುತು.

ಉಲ್ಲಾಸ ಓಡಿಹೋಗಿ ಎರಡು ಬಕೆಟ್ ತಂದ. ಮೊಟ್ಟೆ ಇಟ್ಟು ಇನ್ನೂ ಹೊತ್ತು ಮೀರಿಲ್ಲ, ಈಗಲೇ ಅಗೆದರೆ ಮೊಟ್ಟೆಗೆ ಏನೂ ಆಗದು ಎಂದ.

ಮೇಡಂ ಒಂದು ಬಕೆಟ್ ಕಸಿದುಕೊಂಡರು. ಗೂಡಿನ ಪಕ್ಕ ಅದನ್ನು ಮಗುಚಿ ಹಾಕಿ, ಅದರ ಮೇಲೆ ಕೂತರು.

“ನಾಯಿ ಬರುತ್ತವೆ, ಮೇಡಂ.”

“ನಾನೂ ಬಂದಿದ್ದೇನಲ್ಲ.”

ಮೀನು ಒಣಹಾಕುತ್ತಿದ್ದ ಹೊನ್ನಮ್ಮ ಅಲ್ಲಿಂದಲೇ ನಕ್ಕಳು. “ಏನ್ ಮೇಡಂ, ನೀವೂ ಮೊಟ್ಟೆ ಇಡೂಕೆ ಕೂತ್ರಾ?”

ಮೇಡಂ ಕೂತ ಕಾರಣ ಹೇಳಿದರು. ಹೊನ್ನಮ್ಮ ತನ್ನ ಹಳೆಯ ಮೀನುಬುಟ್ಟಿ ತಂದು ಗೂಡಿನ ಮೇಲೆ ಬೋರಲು ಹಾಕಿ, ಸುತ್ತ ಕಲ್ಲು ಹೇರಿದಳು. ನಾಯಿಗೆ ಇಷ್ಟು ಸಾಕು ಎಂದಳು. ಹನ್ನೊಂದು ಗೂಡು ಅಗೆದಾಗ ಒಂದು ಮಾತು ಕೇಳಿದ್ದರೆ ಹನ್ನೊಂದು ಬುಟ್ಟಿ ಕೊಡುತ್ತಿದ್ದೆವು ಎಂದೂ ಉಲ್ಲಾಸನಿಗೆ ಹೇಳಿದಳು.

ಉಲ್ಲಾಸ ಇನ್ನೊಂದು ಬಕೆಟ್ ಮಗುಚಿ ಕೂತು, ಮೊಣಕಾಲ ಮೇಲೆ ಕಾಗದವಿಟ್ಟು ಆಕ್ಷೇಪಣೆ ಬರೆದ. ಒಂದೇ ಸಾಲು: ಗೂಡು ಇಲ್ಲಿದೆ, ಬಂದು ನೋಡಿ.

ಹದಿನೈದನೆಯ ದಿನ ಅಧಿಕಾರಿ ಬಂದರು. ಹಿಂದೆ ಕಲ್ಲು ತುಂಬಿದ ಲಾರಿ. ಅಷ್ಟರಲ್ಲಿ ಮೀನುಗಾರರ ಮನೆಗಳವರು ಸರದಿ ಹಾಕಿಕೊಂಡು ಗೂಡು ಕಾಯುತ್ತಿದ್ದರು.

ಅಧಿಕಾರಿ ಸಿಟ್ಟಾಗಲಿಲ್ಲ. ಉಲ್ಲಾಸನ ಕಡೆ ತಿರುಗಿ, ಇದನ್ನೂ ಆಚೆಗೆ ಒಯ್ದುಬಿಡಿ, ನೀವು ಅದರಲ್ಲಿ ಪಳಗಿದವರು ಎಂದರು.

“ಆಗುವುದಿಲ್ಲ, ಸರ್. ಮೊಟ್ಟೆ ಇಟ್ಟು ದಿನಗಳಾದವು, ಈಗ ಕದಲಿಸಿದರೆ ಒಳಗಿನ ಜೀವ ಸಾಯುತ್ತದೆ. ಮೊಟ್ಟೆ ಇರುವ ಮರಳಿಗೆ ಕಲ್ಲು ಸುರಿಯಲು ಕಾನೂನೂ ಬಿಡುವುದಿಲ್ಲ. ಅದನ್ನೂ ಬರೆದುಕೊಳ್ಳಿ.”

ಅಧಿಕಾರಿ ಬರೆದುಕೊಂಡರು. ಲಾರಿ ತಿರುಗಿಸಲು ಕೈಮಾಡಿದರು. ಹೋಗುವ ಮುಂಚೆ, ಬಕೆಟ್ ಮೇಲೆ ಕೂತಿದ್ದ ಮೇಡಂ ಹತ್ತಿರ ಬಂದು ಕೇಳಿದರು:

“ಐವತ್ತು ದಿನಕ್ಕೆ ಮರಿ ಹೊರಟುಹೋಗುತ್ತವೆ. ಆಮೇಲಾದರೂ ಏಳುತ್ತೀರಲ್ಲ?”

ಮೇಡಂ ಬುಟ್ಟಿಯ ಮೇಲೊಂದು ಕೈ ಇಟ್ಟರು.

“ಇದರಲ್ಲಿ ಹುಟ್ಟುವ ಹೆಣ್ಣು ಹದಿನೈದು ವರ್ಷ ಬಿಟ್ಟು ಮೊಟ್ಟೆ ಇಡಲು ಇಲ್ಲಿಗೇ ಬರುತ್ತಾಳೆ, ಸರ್. ಅವಳು ಬಂದ ದಿನ ಇಲ್ಲಿ ಮರಳು ಇದ್ದರೆ ಏಳುತ್ತೇವೆ.”