ಹೂತಿಟ್ಟ ಸಿಪ್ಪೆ

"ಗುರುಗಳೇ, ದುಗ್ಗಪ್ಪ ನನಗಿಂತ ಎಷ್ಟೋ ವರ್ಷ ತಡವಾಗಿ ಬಂದವನು. ಈಗ ಅವನೇ ನನಗೆ ಪಾಠದ ಅರ್ಥ ಬಿಡಿಸಿ ಹೇಳುತ್ತಾನೆ. ಅವನಿಗೊಬ್ಬನಿಗೇ ಗುಟ್ಟಾಗಿ ಏನಾದರೂ ಹೇಳಿಕೊಡುತ್ತಿದ್ದೀರಾ? ಹಾಗಿದ್ದರೆ ನಾನು ಇಂದೇ ಆಶ್ರಮ ಬಿಡುತ್ತೇನೆ" ಎಂದು ಮಂಜಯ್ಯ ಕೇಳಿದ. ದುಗ್ಗಪ್ಪ ಅಂಗಳದ ಆ ತುದಿಯಲ್ಲಿ ತಲೆ ಬಗ್ಗಿಸಿ ಹುಲ್ಲು ಕೀಳುತ್ತಿದ್ದ.

ಗುರುಗಳು ನಕ್ಕರು. "ಹೋಗುವುದಾದರೆ ಒಂದು ಕತೆ ಕೇಳಿಕೊಂಡು ಹೋಗು" ಎಂದರು.

ಹೊಳೆ ಕಡಲು ಸೇರುವಲ್ಲಿ ಹಗ್ಗ ಹೊಸೆಯುವವರು ಇಬ್ಬರಿದ್ದರು. ತೆಂಗಿನ ಸಿಪ್ಪೆಯನ್ನು ಹೊಳೆಯ ಕೆಸರಿನಲ್ಲಿ ಹೂತು, ಮೇಲೆ ಕಲ್ಲು ಹೇರಿ, ತಿಂಗಳುಗಟ್ಟಲೆ ಬಿಟ್ಟರೆ ನಾರು ಸಡಿಲವಾಗುತ್ತದೆ. ಯಾರ ನಾರು ಮೆತ್ತಗಿದೆಯೋ ಊರಿನ ಅಷ್ಟೂ ದೋಣಿಗೆ ಅವನದೇ ಹಗ್ಗ ಎಂದು ಆ ವರ್ಷ ದೋಣಿಯವರು ಹೇಳಿದ್ದರು. ಇಬ್ಬರೂ ಒಂದೇ ದಿನ ಅಕ್ಕಪಕ್ಕದಲ್ಲೇ ಸಿಪ್ಪೆ ಹೂತರು.

ಅವರಲ್ಲಿ ಒಬ್ಬನ ನೆಮ್ಮದಿ ಅಂದೇ ಹೋಯಿತು. ನೀರಿಳಿದಾಗಲೆಲ್ಲ ಹೋಗಿ ನೆರೆಯವನ ಗುಂಡಿಯ ಮುಂದೆ ನಿಲ್ಲುತ್ತಿದ್ದ. ಕಾಣುತ್ತಿದ್ದುದು ಕಲ್ಲು ಮಾತ್ರ. ಒಳಗೆ ಅವನದು ಹದವಾಗಿಯೇ ಬಿಟ್ಟಿದೆ ಎಂದು ಇವನ ಹೊಟ್ಟೆ ಉರಿಯುತ್ತಿತ್ತು. ತಡೆಯಲಾರದೆ ತನ್ನ ಗುಂಡಿ ಬಗೆದು, ಸಿಪ್ಪೆ ಎತ್ತಿ, ಉಗುರಿನಿಂದ ಕೆರೆದು ನೋಡುತ್ತಿದ್ದ. ಗಟ್ಟಿ. ಗಾಳಿಗೆ ಹರಡಿ, ಬೈದು, ಮತ್ತೆ ಹೂಳುತ್ತಿದ್ದ.

ಆ ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ, ಮಂಜಯ್ಯ. ನಮ್ಮ ಉಸಿರಾದ ಗಾಳಿ ಅವಕ್ಕೆ ವಿಷ. ನಾರಿಗೆ ನಾರು ಕಚ್ಚಿಸಿದ ಗಟ್ಟಿ ಅಂಟನ್ನು ಅವು ಗಾಳಿಯಿಲ್ಲದ ಕತ್ತಲಲ್ಲೇ ನಿಧಾನವಾಗಿ ಬಿಡಿಸುತ್ತವೆ. ಇವನು ಬಗೆದಾಗಲೆಲ್ಲ ಅವು ಸತ್ತವು. ಕೆಲಸ ಮತ್ತೆ ಮೊದಲಿನಿಂದ.

ದೋಣಿಯವರು ಬಂದರು. ನೆರೆಯವನ ಸಿಪ್ಪೆ ಒಂದೇ ಪೆಟ್ಟಿಗೆ ನಾರು ನಾರಾಗಿ ಬಿಟ್ಟುಕೊಂಡಿತು. ಇವನ ಸಿಪ್ಪೆಯ ಮೇಲೆ ಬಡಿದ ಮರದ ಕೊಡತಿ ಪುಟಿಯಿತು.

"ಎಂಥ ಮದ್ದು ಹಾಕಿದ್ದಿ ಮಾರಾಯ? ನಿಜ ಹೇಳು" ಎಂದು ಇವನು ನೆರೆಯವನ ಕೈ ಹಿಡಿದ.

"ಮದ್ದು ಎಂಥದ್ದೂ ಇಲ್ಲ ಮಾರಾಯ. ಹೂತಿಟ್ಟೆ, ಮತ್ತೆ ಆ ಕಡೆ ಹೋಗಲೇ ಇಲ್ಲ."

ಇವನು ನಂಬಲಿಲ್ಲ. ನೆರೆಯವನು ಊರಿನ ದೋಣಿಗಳಿಗೆಲ್ಲ ಹಗ್ಗ ಹೊಸೆಯುತ್ತ ಕೂತ. ಇವನು ಅವನ ಖಾಲಿ ಗುಂಡಿಗೆ ಇಳಿದು, ಕೆಸರು ಮೂಸಿ ಮೂಸಿ ಮದ್ದು ಹುಡುಕಿದ.

ಕತೆ ಮುಗಿಯಿತು.

"ಹಾಗಾದರೆ ದುಗ್ಗಪ್ಪನಿಗೆ ನೀವು ಬೇರೆ ಏನೂ ಹೇಳಿಕೊಟ್ಟಿಲ್ಲವೇ?" ಎಂದು ಮಂಜಯ್ಯ ಕೇಳಿದ.

"ನಾನು ಕತೆ ಹೇಳಿದ್ದು ನಿನಗೆ, ಮುಗಿಯುವ ತನಕ ನೀನು ನೋಡುತ್ತಿದ್ದುದು ಅವನನ್ನು" ಎಂದರು ಗುರುಗಳು.