ರೊಟ್ಟಿಯವಳು ಬಾರದ ಬೀದಿ

“ಗುರುಗಳೇ, ಸಾಧಕನಾದವನು ಬಾಗಿಲು ಹಾಕಿಕೊಂಡರೆ ತಪ್ಪೇ?” ಎಂದು ಶಿಷ್ಯ ಕೇಳಿದ.

ಗುರುಗಳು ಮಠದ ಹಿಂದಿನ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. “ಯಾರಿಗೆ ಹೆದರಿ?” ಎಂದರು.

“ಹೆದರಿಕೆಯಲ್ಲ, ಬೇಸರ. ನಾನು ಇಲ್ಲಿಗೆ ಬಂದು ಆರು ವರ್ಷವಾಯಿತು. ಕಣ್ಣು ಮುಚ್ಚಿ ಕೂತರೆ ಒಬ್ಬರು ಬಂದು ಅಮಾವಾಸ್ಯೆ ಯಾವತ್ತು ಎಂದು ಕೇಳುತ್ತಾರೆ. ಇನ್ನೊಬ್ಬರು ಕೊಡಪಾನದ ಸದ್ದು ಮಾಡುತ್ತಾರೆ. ಮನಸ್ಸು ಇನ್ನೇನು ನಿಂತಿತು ಎನ್ನುವಾಗ ಅಡಿಗೆಯಾಕೆ ಬಂದು ಊಟಕ್ಕೆ ಏಳಿ ಎಂದು ಕೂಗುತ್ತಾಳೆ. ಬೆಟ್ಟದ ಮೇಲಿನ ಕೋಣೆ ಖಾಲಿ ಇದೆಯಲ್ಲ, ಅದರ ಬೀಗದ ಕೈ ಕೊಡಿ. ಒಳಗಿನಿಂದ ಅಗುಳಿ ಹಾಕಿಕೊಂಡು ಇದ್ದುಬಿಡುತ್ತೇನೆ. ನನಗೆ ಯಾರ ಹಂಗೂ ಬೇಡ.”

ಗುರುಗಳು ಅವರೆಕಾಯಿಯ ಅರ್ಧ ರಾಶಿಯನ್ನು ಶಿಷ್ಯನ ಮುಂದೆ ತಳ್ಳಿದರು. “ಕೈ ಸುಮ್ಮನಿದ್ದರೆ ಕಿವಿಯೂ ನಿದ್ದೆ ಹೋಗುತ್ತದೆ. ಸುಲಿಯುತ್ತ ಕೇಳು. ಇದು ಕಂಪ್ಯೂಟರಿನ ಆಟದ ಕತೆ. ನಗಬೇಡ, ಮಠದ ಗೋಡೆಗೇನೂ ಮೈಲಿಗೆಯಾಗುವುದಿಲ್ಲ. ಆಡಿದವನೇ ನನ್ನ ಮುಂದೆ ಕೂತು ಹೇಳಿದ್ದು.”

ಗುರುಗಳು ಹೇಳಿದ ಕತೆ ಇದು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ದಿನವಿಡೀ ಅಂಗಡಿಯಲ್ಲಿ ಕೊಳಗ ತಂಬಿಗೆಗಳ ಸದ್ದು ಕೇಳಿ ಕೇಳಿ ಅವನಿಗೆ ಸದ್ದೆಂದರೆ ಆಗುತ್ತಿರಲಿಲ್ಲ. ಊರಾಚೆ ನಲವತ್ತು ಮನೆಗಳ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ. ಬಡಾವಣೆಯ ಸಂಘಕ್ಕೆ ಅಧ್ಯಕ್ಷನೂ ಆದ. ರಸ್ತೆ ನೇರವಾಗಿರಬೇಕು, ಗಿಡಗಳು ಸಾಲಾಗಿರಬೇಕು, ಬೀದಿ ಖಾಲಿಯಾಗಿರಬೇಕು. ಇಷ್ಟು ಅವನ ಆಸೆ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ.

ಒಂದು ಬೆಳಿಗ್ಗೆ ಹೊರಬಾಗಿಲ ತೋರಣ ಸರಿಮಾಡಲು ಸ್ಟೂಲು ಹತ್ತಿದ, ಬಿದ್ದ. ಬಿದ್ದದ್ದು ನೆನಪಿತ್ತು. ಕಣ್ಣು ಬಿಟ್ಟಾಗ ಆಸ್ಪತ್ರೆಯಲ್ಲಿದ್ದ. ನಡುವೆ ಏನಾಯಿತೆಂದು ನೆನಪಿರಲಿಲ್ಲ. ತಲೆಗೆ ಏಳು ಹೊಲಿಗೆ, ಕಾಲಿಗೆ ಪಟ್ಟಿ, ಮೂರು ತಿಂಗಳು ಪಾದ ನೆಲಕ್ಕೆ ತಾಗಕೂಡದು. ಬದುಕಿಸಿದ ಡಾಕ್ಟರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಮನೆಗೆ ಬಂದ. ಋಣ ತೀರಿತೆಂದುಕೊಂಡ.

ಮನೆಯಲ್ಲಿ ಕೂತವನು ಹೆಂಡತಿಯ ತಲೆ ತಿನ್ನತೊಡಗಿದ. ಅದನ್ನು ನೋಡಲಾರದೆ ಮಗಳು ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿಕೊಟ್ಟಳು.

“ಹಳೇ ರೋಮ್ ಕಾಲದ ಊರು ಕಟ್ಟೋ ಆಟ ಅಪ್ಪ. ಇಲ್ಲಿ ಎಷ್ಟು ಬೇಕಾದ್ರೂ ಅಧ್ಯಕ್ಷಗಿರಿ ಮಾಡ್ಕೊಳ್ಳಿ. ಅಮ್ಮನ್ನ ಬಿಟ್ಬಿಡಿ,” ಎಂದಳು.

ಆಟ ಹೀಗಿತ್ತು. ಒಂದು ನದಿ, ಅದರ ದಡದಲ್ಲಿ ಬರಿ ನೆಲ. ಆಡುವವನು ಆ ಸೀಮೆಯ ಅಧಿಪತಿ. ಅವನು ರಸ್ತೆ ಹಾಕಬಹುದು, ಕಾಲುವೆ ತರಬಹುದು, ಕಣಜ, ಕಾರಂಜಿ, ಗುಡಿ ಕಟ್ಟಬಹುದು. ಆದರೆ ಮನೆ ಕಟ್ಟುವಂತಿಲ್ಲ. ಜಾಗ ತೋರಿಸಿದರೆ ಜನ ಗಾಡಿ ಹೊಡೆದುಕೊಂಡು ಬಂದು ಡೇರೆ ಹಾಕುತ್ತಾರೆ. ಅವರಿಗೆ ನೆಮ್ಮದಿಯಾದರೆ ಡೇರೆ ಗುಡಿಸಲಾಗುತ್ತದೆ, ಗುಡಿಸಲು ಮನೆಯಾಗುತ್ತದೆ, ಮನೆ ಮಹಲಾಗುತ್ತದೆ. ಅದು ತಾನಾಗಿ ಏಳಬೇಕು. ಅಧಿಪತಿ ಎಷ್ಟು ಹಟ ಹಿಡಿದರೂ ಒಂದು ಹೆಂಚು ಹೊದಿಸಲಾರ.

ವ್ಯಾಪಾರಿಗೆ ಆಟ ಹಿಡಿಯಿತು. ವಾರದಲ್ಲಿ ಕಾಲಿನ ನೋವು ಮರೆತ. ಎರಡು ತಿಂಗಳಾಗುವ ಹೊತ್ತಿಗೆ ಪಳಗಿದ ಕೈಯಾಯಿತು. ಆಗ ರೋಮಿನ ಚಕ್ರವರ್ತಿಯ ಅಪ್ಪಣೆ ಬಂತು. ಐದು ವರ್ಷದೊಳಗೆ ಹತ್ತು ಮಹಲುಗಳು ಎದ್ದು ನಿಲ್ಲಬೇಕು, ಇಲ್ಲವಾದರೆ ಅಧಿಪತಿಯ ಪಟ್ಟ ಹೋಗುತ್ತದೆ. ಆಟದ ಐದು ವರ್ಷವೆಂದರೆ ಮಧ್ಯಾಹ್ನದ ಊಟದಿಂದ ಸಂಜೆಯ ಕಾಫಿಯವರೆಗೆ ಅಷ್ಟೆ. ಆದರೆ ವ್ಯಾಪಾರಿ ಅದನ್ನು ಮನಸ್ಸಿಗೆ ಹಚ್ಚಿಕೊಂಡ.

ದಿಬ್ಬದ ಮೇಲೆ ಒಂದು ನೇರವಾದ ಬೀದಿ ಹಾಕಿದ. ಎರಡು ಕಡೆಗೂ ಹೂದೋಟ, ನಡುವೆ ಕಾರಂಜಿ. ಜನ ಬಂದರು. ಮಧ್ಯಾಹ್ನ ಮೂರು ಗಂಟೆಗೆಲ್ಲ ಒಂಬತ್ತು ಮಹಲು ಎದ್ದವು. ಅವನಿಗೆ ಹೊಟ್ಟೆ ತುಂಬಿತು. ಒಂದೇ ಒಂದು ಕಿರಿಕಿರಿ ಉಳಿಯಿತು. ಆ ಬೀದಿಯಲ್ಲಿ ಸದಾ ಯಾರಾದರೂ ತಿರುಗುತ್ತಿದ್ದರು. ಬುಟ್ಟಿ ಹೊತ್ತ ರೊಟ್ಟಿಯವಳು, ಚೀಲ ಹಿಡಿದ ಕ್ಷೌರಿಕ, ಬಕೀಟು ಹಿಡಿದು ಬೆಂಕಿ ಕಾಯುವವನು. ಬರುವುದು, ಬೀದಿಯುದ್ದಕ್ಕೂ ನಡೆಯುವುದು, ಹೋಗುವುದು. ಅವರು ಯಾವ ಬಾಗಿಲನ್ನೂ ತಟ್ಟುತ್ತಿರಲಿಲ್ಲ. ಮಾಡುವುದಕ್ಕೆ ಬೇರೆ ಕೆಲಸವಿಲ್ಲವೇ ಇವರಿಗೆ ಎಂದು ವ್ಯಾಪಾರಿಗೆ ಅನಿಸಿತು.

ಆ ಆಟದಲ್ಲಿ ರಸ್ತೆಗೆ ಗೇಟು ಹಾಕುವ ಅನುಕೂಲವಿತ್ತು. ಬೀದಿಯ ಎರಡು ತುದಿಗೂ ಹಾಕಿದ. ಬೀದಿ ಖಾಲಿಯಾಯಿತು. ಹೆಂಡತಿಯನ್ನು ಕರೆದು ತೋರಿಸಿದ.

ಅವಳು ಕೈ ಒರೆಸಿಕೊಳ್ಳುತ್ತ ಬಗ್ಗಿ ನೋಡಿ, “ಚೆನ್ನಾಗಿದೆ. ಒಂದು ನರಪಿಳ್ಳೆ ಇಲ್ಲ. ಊರೋರೆಲ್ಲ ಮಣ್ಣಿಗೆ ಹೋದ ಹಾಗಿದೆ,” ಎಂದು ಒಳಗೆ ಹೋದಳು.

ಅದೇ ಹೊತ್ತಿಗೆ ಸಂಘದವರು ನಾಲ್ಕು ಜನ ಬಂದರು. ಅವನೇ ಹಿಂದೆ ಎತ್ತಿದ್ದ ಮಾತು. ಬಡಾವಣೆಯ ಬಾಯಿಗೆ ಕಬ್ಬಿಣದ ಗೇಟು ನಿಲ್ಲಿಸಿ ಆಗಿತ್ತು, ಬೀಗ ಬೀಳುವುದೊಂದೇ ಬಾಕಿ. ಸೋಮವಾರದಿಂದ ಹೂವಿನವರು, ಉಪ್ಪಿನವರು, ಚಾಕು ಸಾಣೆಯವರು, ಯಾರಿಗೂ ಪ್ರವೇಶವಿಲ್ಲ.

“ಮುಖ್ಯವಾಗಿ ಆ ಸೊಪ್ಪಿನವಳು ಸಾರ್. ಬೆಳಿಗ್ಗೆ ಆರಕ್ಕೇ ಏನು ಗಂಟಲು ಅದು. ಬೀದಿ ಆ ತುದೀಲಿ ಕೂಗಿದ್ರೆ ನಮ್ಮನೆ ಹಿತ್ತಲಲ್ಲಿ ಕೇಳುತ್ತೆ. ನೀವೊಂದು ಸೈನು ಹಾಕಿಬಿಟ್ರೆ ಮುಗೀತು,” ಎಂದರು.

ವ್ಯಾಪಾರಿ ಕಾಗದ ಇಸಿದುಕೊಂಡ. ಆದರೆ ಅವನ ಕಣ್ಣು ಆಟದ ಮೇಲಿತ್ತು. ಚಕ್ರವರ್ತಿಯ ಗಡುವು ಹತ್ತಿರ ಬಂದಿತ್ತು. “ಇಟ್ಟು ಹೋಗಿ, ನಾಳೆ ಹಾಕಿಕೊಡ್ತೀನಿ,” ಎಂದು ಕಾಗದವನ್ನು ಕಂಪ್ಯೂಟರಿನ ಪಕ್ಕ ಇಟ್ಟುಕೊಂಡ.

ಅವರು ಹೋದ ಮೇಲೆ ನೋಡುತ್ತಾನೆ, ಒಂದು ಮಹಲು ಮನೆಯಾಗಿದೆ. ಹತ್ತನೆಯದು ಏಳುವುದನ್ನು ಕಾಯುತ್ತಿದ್ದವನ ಕಣ್ಣೆದುರೇ ಇನ್ನೊಂದು ಇಳಿಯಿತು. ಮನೆ ಗುಡಿಸಲಾಯಿತು. ಗುಡಿಸಲಿನಿಂದ ಜನ ಗಂಟು ಹೊತ್ತು ಹೊರಟರು. ವ್ಯಾಪಾರಿ ಇನ್ನೊಂದು ಕಾರಂಜಿ ಕಟ್ಟಿದ. ಗುಡಿಯ ಮುಂದೆ ಒಂದು ವಿಗ್ರಹ ನಿಲ್ಲಿಸಿದ. ಏನು ಮಾಡಿದರೂ ಮನೆಗಳು ಇಳಿಯುತ್ತಲೇ ಹೋದವು.

ಮನೆಯ ಮೇಲೆ ಬೆರಳು ಒತ್ತಿದರೆ ಅದರ ಕೊರತೆ ಏನೆಂದು ಆ ಆಟ ಹೇಳುತ್ತದೆ. ಅಧಿಪತಿಯಾದವನು ಕೇಳುವುದೇನು ಎಂದು ಅವನು ಅದುವರೆಗೆ ಒತ್ತಿರಲಿಲ್ಲ. ಈಗ ಒತ್ತಿದ. ಅಕ್ಷರ ಮೂಡಿತು. “ರೊಟ್ಟಿಯವಳು ಈ ಬೀದಿಗೆ ಬಂದು ಬಹಳ ದಿನವಾಯಿತು.”

ಪಕ್ಕದ ಮನೆಯನ್ನು ಒತ್ತಿದ. ಅದೂ ಅದನ್ನೇ ಹೇಳಿತು. ಕಣಜ ನೋಡಿದ, ತುಂಬಿ ತುಳುಕುತ್ತಿತ್ತು. ಆಮೇಲೆ ಗೇಟಿನ ಹತ್ತಿರ ಅವಳು ಕಂಡಳು. ಬುಟ್ಟಿ ಹೊತ್ತು ಬರುತ್ತಾಳೆ, ಗೇಟಿನ ತನಕ ಬಂದು ತಿರುಗಿ ಹೋಗುತ್ತಾಳೆ. ಮತ್ತೆ ಬರುತ್ತಾಳೆ, ಮತ್ತೆ ತಿರುಗುತ್ತಾಳೆ. ಅವಳ ಹಿಂದೆ ಬೆಂಕಿ ಕಾಯುವವನು ಬಕೀಟು ಹಿಡಿದು ಬಂದು ಹಾಗೆಯೇ ತಿರುಗಿದ. ಗೇಟಿನ ಒಳಗೆ, ಮೂಲೆಯ ಮಹಲಿಗೆ ಬೆಂಕಿ ಹತ್ತಿಕೊಂಡಿತ್ತು. ಅವರು ನಡೆದು ಹೋಗುತ್ತಿದ್ದದ್ದೇ ಅವರ ಕೆಲಸವಾಗಿತ್ತು.

ವ್ಯಾಪಾರಿ ಗೇಟು ಕಿತ್ತ. ಹೊತ್ತು ಮೀರಿತ್ತು. ಚಕ್ರವರ್ತಿಯ ಓಲೆ ಬಂತು, ಪಟ್ಟ ಹೋಯಿತು.

ರಾತ್ರಿ ಹೆಂಡತಿ ಊಟದ ತಟ್ಟೆ ತಂದಿಟ್ಟಳು. ಸಬ್ಬಸಿಗೆ ಸೊಪ್ಪಿನ ಸಾರು.

“ಈ ಸೊಪ್ಪು ಎಲ್ಲಿಂದ ಬಂತು? ಎರಡು ತಿಂಗಳಿಂದ ನನ್ನ ಬಿಟ್ಟು ನೀನು ಹೊಸ್ತಿಲು ದಾಟಿಲ್ಲವಲ್ಲ,” ಎಂದು ಕೇಳಿದ.

“ಬೆಳಿಗ್ಗೆ ಬರ್ತಾಳಲ್ಲ, ಅವಳೇ. ನೀವು ಗಲಾಟೆ ಅಂತೀರಲ್ಲ, ಅದೇ ಸೊಪ್ಪು.” ಅವಳಿಗೆ ಕಾಗದ ಕಂಡಿತು, ಓದಿದಳು. ಅವಳ ದನಿ ಬೇರೆಯಾಯಿತು. “ನೀವು ಬಿದ್ದ ದಿನ ನಾನು ತಂಗಿ ಮನೇಲಿದ್ದೆ. ಮಧ್ಯಾಹ್ನದವರೆಗೂ ಈ ಬಾಗಿಲಿಗೆ ಯಾರೂ ಬರ್ತಿರಲಿಲ್ಲ. ಮೊದಲು ಕಂಡವಳು ಅವಳು. ಸೊಪ್ಪಿನ ಮೇಲೆ ಹೊದಿಸಿದ್ದ ಒದ್ದೆ ಬಟ್ಟೇನ ನಿಮ್ಮ ತಲೆಗೆ ಒತ್ತಿ ಹಿಡ್ಕೊಂಡು ಕೂಗಿದಳಂತೆ. ಆ ಗಂಟಲಿಗೇ ಕಣ್ರೀ ನಲವತ್ತು ಮನೆ ಬಾಗಿಲು ತೆಗೆದದ್ದು. ಆವತ್ತಿನ ಸೊಪ್ಪೆಲ್ಲ ಬಿಸಿಲಿಗೆ ಬಾಡಿಹೋಯ್ತು.”

“ನನಗೆ ಯಾಕೆ ಹೇಳಲಿಲ್ಲ?”

“ಎರಡು ಸಲ ಹೇಳಿದೆ. ನೀವು ಡಾಕ್ಟರ ಗುಣಗಾನದಲ್ಲಿದ್ರಿ.”

ವ್ಯಾಪಾರಿಗೆ ನಾಚಿಕೆಯಾಯಿತು. ಹಾಸಿಗೆ ಹಿಡಿದ ಈ ಎರಡು ತಿಂಗಳಲ್ಲಿ ತನ್ನ ಮನೆಗೆ ಹಾಲು ಬಂದಿತ್ತು, ದೇವರಿಗೆ ಹೂವು ಬಂದಿತ್ತು, ಕ್ಷೌರಿಕ ಹಾಸಿಗೆಯ ತನಕ ಬಂದು ಗಡ್ಡ ಕೆರೆದು ಹೋಗಿದ್ದ. ಇವೆಲ್ಲ ಬೀದಿಯಿಂದ ಬಂದಿದ್ದವು. ತಾನು ಕಟ್ಟಿದ ಮನೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ. ಕಟ್ಟಿದವನು ಅವನೇ ಇರಬಹುದು, ನಿಲ್ಲಿಸಿದವರು ಬೇರೆಯವರು.

ಮರುದಿನ ಬೆಳಿಗ್ಗೆ ಆರಕ್ಕೆ ಕುರ್ಚಿಯನ್ನು ಹೊರಬಾಗಿಲಿಗೆ ಹಾಕಿಸಿಕೊಂಡು ಕೂತ. ದೂರದಿಂದ ಕೂಗು ಬಂತು. ಕೀರೆ, ದಂಟು, ಸಬ್ಬಸಿಗೆ. ಆ ಮನೆಗೆ ಬಂದ ಹನ್ನೆರಡು ವರ್ಷದಲ್ಲಿ ಅವನು ಆ ಕೂಗಿಗೆ ಕಾದು ಕೂತದ್ದು ಅದೇ ಮೊದಲು. ಸೊಪ್ಪಿನವಳು ಬಂದು, ಅವನನ್ನು ಕಂಡು ದನಿ ತಗ್ಗಿಸಿದಳು.

“ನಿನ್ನ ಹೆಸರೇನಮ್ಮ?” ಎಂದು ಕೇಳಿದ.

ಅವಳಿಗೆ ಗಾಬರಿಯಾಯಿತು. “ಯಾಕ್ ಸೋಮಿ, ಸೊಪ್ಪಲ್ಲಿ ಉಳ ಇತ್ತಾ?”

“ಉಳ ನನ್ನಲ್ಲಿತ್ತು ತಾಯಿ. ಹೆಸರು ಹೇಳು.”

“ಚಿಕ್ಕಬೋರಮ್ಮ.”

ವ್ಯಾಪಾರಿ ಕೈ ಜೋಡಿಸಿದ. “ಚಿಕ್ಕಬೋರಮ್ಮ, ಆವತ್ತು ನೀನು ಬರದೆ ಇದ್ದಿದ್ದರೆ ಈವತ್ತು ನಾನು ಇರುತ್ತಿರಲಿಲ್ಲ. ಇಷ್ಟು ದಿನ ನಿನಗೆ ಒಂದು ಮಾತು ಹೇಳಲಿಲ್ಲ. ತಪ್ಪಾಯಿತು.”

ಅವಳಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಬುಟ್ಟಿಯ ಮೇಲಿನ ಬಟ್ಟೆ ಸರಿಮಾಡಿದಳು. “ನಾನೇನ್ ಮಾಡ್ದೆ ಬುಡಿ. ದಿನಾ ಬರೋ ದಾರಿ. ಬಂದೆ, ಅಷ್ಟೆ,” ಎಂದಳು.

ವ್ಯಾಪಾರಿ ಕಾಗದಕ್ಕೆ ಸೈನು ಹಾಕಲಿಲ್ಲ. ಅಧ್ಯಕ್ಷರು ಮುರಿದುಕೊಂಡದ್ದು ಕಾಲೋ ತಲೆಯೋ ಎಂದು ಸಂಘದವರು ಆಡಿಕೊಂಡರು. ಆಡಿಕೊಳ್ಳಲಿ ಎಂದ. ಆ ಗೇಟು ಈಗಲೂ ಅಲ್ಲೇ ಇದೆ, ತೆರೆದಂತೆಯೇ ಇದೆ. ಅದಕ್ಕೆ ಯಾರೋ ಹಾಗಲ ಬಳ್ಳಿ ಹಬ್ಬಿಸಿದ್ದಾರೆ. ಕಾಲು ವಾಸಿಯಾದ ಮೇಲೂ ಅವನು ಆ ಆಟ ಬಿಟ್ಟಿಲ್ಲ. ಭಾನುವಾರಗಳಲ್ಲಿ ಹೊಸ ಊರು ಕಟ್ಟುತ್ತಾನೆ. ರೊಟ್ಟಿಯವಳು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂದು ಮೊದಲು ದಾರಿ ಹಾಕುತ್ತಾನಂತೆ, ಕಾರಂಜಿ ಆಮೇಲೆ. ಹೋದ ಸಲ ಬಂದಾಗ ಹದಿನಾಲ್ಕು ಮಹಲು ಎದ್ದವು ಎಂದು ನನ್ನ ಮುಂದೆ ಕೊಚ್ಚಿಕೊಂಡ. ಬೆಳಿಗ್ಗೆ ಆರಕ್ಕೆ ಬಾಗಿಲಲ್ಲಿ ಕೂರುವುದನ್ನೂ ಬಿಟ್ಟಿಲ್ಲ. ಬಂದವರಿಗೆಲ್ಲ ಕೈ ಮುಗಿಯುತ್ತಾನೆ. ಮೊದಮೊದಲು ಹೂವಿನವರು ಇದನ್ನು ಕಂಡು ಹೆದರಿ ಆಚೆ ಬದಿಯಲ್ಲಿ ಹೋಗುತ್ತಿದ್ದರಂತೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತನ್ನ ಮುಂದಿನ ರಾಶಿಯನ್ನು ಮುಟ್ಟಿರಲಿಲ್ಲ. “ಕತೆ ಚೆನ್ನಾಗಿದೆ ಗುರುಗಳೇ. ಆದರೆ ಆ ವ್ಯಾಪಾರಿ ಸಂಸಾರಿ. ಅವನಿಗೆ ಸೊಪ್ಪು ಬೇಕು, ಹಾಲು ಬೇಕು. ಎಲ್ಲ ಬಿಟ್ಟು ಬಂದವನಿಗೆ ಬೀದಿಯ ಗೊಡವೆ ಏಕೆ?”

ಗುರುಗಳು ಸೊಂಟದ ಬೀಗದ ಕೈ ಬಿಚ್ಚಿ ಅವರೆಕಾಯಿಯ ರಾಶಿಯ ಮೇಲೆ ಇಟ್ಟರು.

“ತೆಗೆದುಕೋ. ಹೋಗುವ ಮುಂಚೆ, ಆರು ವರ್ಷದಿಂದ ದಿನವೂ ನಿನ್ನನ್ನು ಊಟಕ್ಕೆ ಎಬ್ಬಿಸಿದ ಆ ಅಡಿಗೆಯಾಕೆಯ ಹೆಸರೇನು, ಅಷ್ಟು ಹೇಳಿ ಹೋಗು.”

ಶಿಷ್ಯ ಬಾಯಿ ತೆರೆದ. ಹೆಸರು ಬರಲಿಲ್ಲ. ಬೀಗದ ಕೈಯನ್ನು ಪಕ್ಕಕ್ಕೆ ಸರಿಸಿ ಒಂದು ಅವರೆಕಾಯಿ ಎತ್ತಿಕೊಂಡ.