ಬೆನ್ನ ಹಿಂದಿನ ದನಿ

ಕಪಿಲೆಯ ದಂಡೆಯಲ್ಲೊಂದು ಆಶ್ರಮ. ಆಶ್ರಮ ಅಂದರೆ ದೊಡ್ಡ ಮಾತಾಯಿತು. ಹೆಂಚು ಹೊದಿಸಿದ ಎರಡು ಕೋಣೆ, ಒಂದು ಅಡುಗೆಮನೆ, ಒಂದು ಜಗುಲಿ, ನೀರಿಗಿಳಿಯಲು ಹನ್ನೊಂದು ಮೆಟ್ಟಿಲು. ಅಷ್ಟೇ.

ಅಲ್ಲಿದ್ದ ಗುರು ಚನ್ನಂಜಯ್ಯನವರಿಗೆ ಎಪ್ಪತ್ತಾರು ವರ್ಷ. ಎಲ್ಲರೂ ಅವರನ್ನು ಬುದ್ಧಿ ಎಂದೇ ಕರೆಯುತ್ತಿದ್ದರು. ಅವರ ಬಾಯಲ್ಲಿ ನಲವತ್ತು ತತ್ವಪದಗಳಿದ್ದವು. ಅವರ ಗುರುವಿನ ಬಾಯಿಂದ ಬಂದವು. ಬರೆದಿಡಬಾರದು ಅನ್ನುವುದು ಅಲ್ಲಿಯ ಕಟ್ಟುಪಾಡು. ಗುರು ಮುಂದೆ ಕೂತು ಹಾಡಬೇಕು, ಶಿಷ್ಯ ಬೆನ್ನ ಹಿಂದೆ ಕೂತು ಹಾಡಬೇಕು. ಹಾಗೇ ಕಲಿಯಬೇಕು.

ಶಿಷ್ಯ ಅಂತ ಉಳಿದಿದ್ದವನು ರಾಚಪ್ಪ ಒಬ್ಬನೇ. ಪೇಟೆಯ ಹೈಸ್ಕೂಲಿನಲ್ಲಿ ಗುಮಾಸ್ತ. ಹದಿನೆಂಟು ವರ್ಷದಿಂದ ಭಾನುವಾರ ತಪ್ಪದೆ ಬರುತ್ತಿದ್ದ. ಮೊದಮೊದಲು ಸಾಲು ಸಾಲಿಗೂ ಹಿಂದೆ ಬೀಳುತ್ತಿದ್ದ. ಗುರು ಬಯ್ಯುತ್ತಿರಲಿಲ್ಲ. ಸಾಲಿನ ಕೊನೆಯನ್ನು ಎಳೆದು ಹಿಡಿದಿರುತ್ತಿದ್ದರು. ಇವನು ಏದುಸಿರು ಬಿಡುತ್ತ ಬಂದು ಸೇರಿದ ಮೇಲೇ ಮುಂದಿನ ಸಾಲು.

ಈಗ ಹಾಗಿಲ್ಲ, ದನಿ ಪಳಗಿತ್ತು. ಕಣ್ಣು ಮುಚ್ಚಿ ಕೇಳಿದರೆ ಗುರು ಯಾರು ಶಿಷ್ಯ ಯಾರು ಅಂತ ಗೊತ್ತೇ ಆಗಲ್ಲ ಅನ್ನುತ್ತಿದ್ದರು ಜನ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ರಾಚಪ್ಪ ಉಬ್ಬಿಹೋಗುತ್ತಿದ್ದ, ಸುಳ್ಳು ಯಾಕೆ ಹೇಳಲಿ. ಆದರೆ ಅವನಿಗೆ ಬಂದಿದ್ದು ಇಪ್ಪತ್ತಮೂರು ಪದ. ಮಿಕ್ಕ ಹದಿನೇಳು ಇನ್ನೂ ಗುರುವಿನ ಬಾಯಲ್ಲೇ ಇದ್ದವು.

ಅಷ್ಟರಲ್ಲಿ ಗುರುವಿನ ಗಂಟಲಲ್ಲಿ ಗಂಟು ಕಾಣಿಸಿತು. ಸೋಮವಾರ ಆಪರೇಷನ್ ಅಂತಾಯಿತು. ಜೀವಕ್ಕೆ ಭಯವಿಲ್ಲ, ದನಿಯ ವಿಷಯ ಮಾತ್ರ ಈಗಲೇ ಹೇಳೋಕಾಗಲ್ಲ ಅಂದರು ಡಾಕ್ಟರು.

ಬುಧವಾರ ಬೆಳಗ್ಗೆ ರಾಚಪ್ಪ ಶಾಲೆಗೆ ರಜೆ ಹಾಕಿ, ಮನೆಯ ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು ಬಂದ.

"ಬರೆಯಬಾರದು ಅಂತಾರಲ್ಲ ಬುದ್ಧಿ. ಇದು ನಡೆಯುತ್ತಾ?"

"ಬರೆಯಬೇಡಿ ಅಂದಿದ್ದಾರೆ. ಕೇಳಿಸಬೇಡಿ ಅಂದಿಲ್ಲ. ಜೋಡಿಸು."

ರೆಕಾರ್ಡಿಂಗ್ ವಿಷಯದಲ್ಲಿ ರಾಚಪ್ಪ ತನ್ನನ್ನು ಕಡಿಮೆ ಅಂದುಕೊಂಡವನಲ್ಲ. ಮನೆಯ ಕೋಣೆಯೊಂದಕ್ಕೆ ಸುತ್ತ ಕಂಬಳಿ ಕಟ್ಟಿ, ತನ್ನ ಭಜನೆ ತಾನೇ ರೆಕಾರ್ಡ್ ಮಾಡಿ ಮೊಬೈಲ್ ಗ್ರೂಪುಗಳಿಗೆ ಹಾಕಿ ಶಭಾಷ್ ಅನ್ನಿಸಿಕೊಳ್ಳುತ್ತಿದ್ದ. ಆಶ್ರಮದಲ್ಲಿ ಜಗುಲಿಗೆ ತೆರೆದ ಕೋಣೆಯಲ್ಲಿ ಮೈಕು ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು, ಗತ್ತಿನಿಂದ ಕಿವಿಗೊಟ್ಟ.

ಗುಂಯ್ ಅಂತಿತ್ತು. ದುಂಬಿಯೊಂದು ಡಬ್ಬದಲ್ಲಿ ಸಿಕ್ಕಿಕೊಂಡ ಹಾಗೆ.

"ಚಿಕ್ಕತಾಯವ್ವ, ಆ ಗ್ರೈಂಡರ್ ನಿಲ್ಲಿಸು" ಅಂತ ಅಡುಗೆಮನೆಗೆ ಕೂಗಿದ. ಅಡುಗೆಯ ಚಿಕ್ಕತಾಯವ್ವ ಅರ್ಧ ರುಬ್ಬಿದ ಹಿಟ್ಟನ್ನು ನೋಡುತ್ತ ನಿಲ್ಲಿಸಿದಳು. ಸದ್ದು ಹೋಗಲಿಲ್ಲ. ಫ್ಯಾನ್ ಆರಿಸಿದ. ನೀರಿನ ಮೋಟಾರು ಆರಿಸಿದ. ಜಗುಲಿಯಲ್ಲಿ ಹರಟುತ್ತಿದ್ದವರನ್ನು ಗದರಿಸಿದ. ಅಲ್ಲೇ ಮಲಗಿದ್ದ ನಾಯಿಯನ್ನು ಕೋಲು ತಗೊಂಡು ಅಟ್ಟಿದ.

"ಇನ್ನೂ ಇದೆಯಾ?" ಅಂತ ಕೇಳಿದರು ಗುರು.

"ಇದೆ ಬುದ್ಧಿ."

"ಹೊಳೆ ಒಂದು ಬಾಕಿ ಇದೆ. ನಿಲ್ಲಿಸಿ ಬರ್ತೀಯಾ?"

ರಾಚಪ್ಪ ನಗಲಿಲ್ಲ.

ಸಂಜೆಗೆ ಇನ್ನೊಂದು ಪೀಕಲಾಟ. ದನಿಯ ಮಧ್ಯೆ ಚಟಪಟ, ಒಗ್ಗರಣೆಗೆ ಸಾಸಿವೆ ಸಿಡಿದಂತೆ. ಹಳೇ ಕಂಪ್ಯೂಟರ್, ಬರುವ ದನಿಯನ್ನು ಅಷ್ಟು ಬೇಗ ಅರಗಿಸಿಕೊಳ್ಳಲಾರದು. ಅದಕ್ಕೆ ಬಫರ್ ಅಂತ ಒಂದು ಇರುತ್ತದೆ. ದನಿಯನ್ನು ಎಷ್ಟು ಹೊತ್ತು ಕೂಡಿಟ್ಟುಕೊಂಡು ಆಮೇಲೆ ಬಿಡಬೇಕು ಅನ್ನುವ ಅಳತೆ. ರಾಚಪ್ಪ ಆ ಅಳತೆಯನ್ನು ತುತ್ತತುದಿಗೆ ಏರಿಸಿದ. ಚಟಪಟ ನಿಂತಿತು. ಗುಂಯ್ ಅನ್ನುವುದನ್ನು ಆಮೇಲೆ ಹೇಗಾದರೂ ತೆಗೆದರಾಯಿತು ಅಂದುಕೊಂಡು ಎದ್ದ.

ಗುರುವಾರ ಬೆಳಗ್ಗೆ ಜಗುಲಿಯಲ್ಲಿ ಹನ್ನೆರಡು ಜನ ಸೇರಿದರು. ಗುರು ತಂಬೂರಿ ಹಿಡಿದು ಕೂತರು. ರಾಚಪ್ಪ ಅವರ ಕಿವಿಗೆ ಹೆಡ್‌ಫೋನ್ ತೊಡಿಸಿದ.

"ಇದು ಯಾಕಪ್ಪ?"

"ದನಿ ಹೇಗೆ ಬೀಳ್ತಿದೆ ಅಂತ ನಿಮಗೂ ಕೇಳಲಿ ಬುದ್ಧಿ. ದೊಡ್ಡ ದೊಡ್ಡವರೆಲ್ಲ ಹಿಂಗೇ ಹಾಡೋದು."

ತಾನು ಬೆನ್ನ ಹಿಂದೆ, ಕಂಪ್ಯೂಟರ್ ಮುಂದೆ ಕೂತ. ಗುರುವಿನ ದನಿಯೊಂದೇ ಬರಬೇಕು, ಅದಕ್ಕೆ ತಾನು ಇವತ್ತು ಹಾಡುವುದಿಲ್ಲ ಅಂತ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದ. ಅದನ್ನು ಗುರುವಿಗೆ ಹೇಳುವಷ್ಟು ವ್ಯವಧಾನ ಇರಲಿಲ್ಲ. ಮೊದಲು ತನಗೆ ಬರುವ ಪದವನ್ನೇ ಹಾಡಿಸಿ ನೋಡೋಣ ಅಂತ, ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಕೂತ.

ಗುರು ಕಣ್ಣು ಮುಚ್ಚಿ ಎತ್ತಿಕೊಂಡರು. ಎರಡನೇ ಸಾಲಿಗೇ ನಡೆ ನಿಧಾನವಾಯಿತು. ಸಾಲಿನ ಕೊನೆಯನ್ನು ಎಳೆದರು, ಎಳೆದರು, ಉಸಿರು ಮುಗಿದು ನಿಂತರು.

"ಮತ್ತೊಂದು ಸಲ ಬುದ್ಧಿ."

ಮತ್ತೆ ಅದೇ. ಮೂರನೇ ಸಲವೂ ಅದೇ. ಬೆರಳು ಎಲ್ಲೋ, ಪದ ಎಲ್ಲೋ.

ರಾಚಪ್ಪನಿಗೆ ರೇಗಿತು. ಹಿಂದಿನ ದಿನದ ದಣಿವೂ ಇತ್ತು, ಜನರ ಮುಂದೆ ತನ್ನ ಕೆಲಸ ಕೆಡುತ್ತಿದೆ ಅನ್ನುವ ಉರಿಯೂ ಇತ್ತು. ಅಂದೇಬಿಟ್ಟ.

"ಬುದ್ಧಿ, ನಿಮಗೆ ತಾಳ ತಪ್ತಾ ಇದೆ. ವಯಸ್ಸಾಯ್ತಲ್ಲ. ಈ ಕಡೆ ತಿರುಗಿ, ನನ್ನ ಬೆರಳು ನೋಡ್ಕೊಂಡು ಹಾಡಿ."

ಗುರು ಹೆಡ್‌ಫೋನನ್ನು ಎರಡೂ ಕೈಯಲ್ಲಿ ತೆಗೆದು ಚಾಪೆಯ ಮೇಲಿಟ್ಟರು.

"ಹೌದಾ?"

"ಹೌದು ಬುದ್ಧಿ."

"ಹಂಗಾದ್ರೆ ಸಾಕು. ತಾಳ ತಪ್ಪಿದ ಪದ ನನ್ನ ಹೆಸರಲ್ಲಿ ಉಳಿಯೋದು ಬೇಡ."

ತಂಬೂರಿಯನ್ನು ಗೋಡೆಯ ಮೊಳೆಗೆ ತಗುಲಿಹಾಕಿ, ಮೆಟ್ಟಿಲಿಳಿದು ಹೊಳೆಯ ಹತ್ತಿರ ಹೋಗಿ ಕೂತರು. ಆ ದಿನ ಹಾಡಲಿಲ್ಲ. ಶುಕ್ರವಾರವೂ ಹಾಡಲಿಲ್ಲ.

ತನಗೆ ಬರುವ ಇಪ್ಪತ್ತಮೂರನ್ನಾದರೂ ಉಳಿಸೋಣ ಅಂತ ಶುಕ್ರವಾರ ಮಧ್ಯಾಹ್ನ ರಾಚಪ್ಪ ಒಬ್ಬನೇ ಮೈಕಿನ ಮುಂದೆ ಕೂತ. ಹೆಡ್‌ಫೋನ್ ಹಾಕಿಕೊಂಡ. ಹಾಡಿದ.

ಬಾಯಲ್ಲಿ ಒಂದಕ್ಷರ ಇದ್ದರೆ ಕಿವಿಯಲ್ಲಿ ಅದರ ಹಿಂದಿನದು ಬರುತ್ತಿತ್ತು. ನಾಲಿಗೆ ತೊಡರಿತು. ನಡೆ ತಾನಾಗಿ ಕುಂಟಿತು. ಗುರು ನಿಂತುಹೋಗಿದ್ದ ಕಡೆಯೇ ಅವನೂ ನಿಂತ.

ಹೆಡ್‌ಫೋನ್ ಕಿತ್ತು ಹಾಡಿದ. ಪದ ನೀರಿನಂತೆ ಹರಿಯಿತು. ಮತ್ತೆ ಹಾಕಿಕೊಂಡ. ಮತ್ತೆ ಕುಂಟಿತು.

ಆಗ ಗೊತ್ತಾಯಿತು. ಬುಧವಾರ ಸಂಜೆ ತಾನೇ ಏರಿಸಿದ್ದ ಆ ಅಳತೆ. ದನಿಯನ್ನು ಹಿಡಿದಿಟ್ಟುಕೊಂಡು ತಡವಾಗಿ ಕಿವಿಗೆ ಬಿಡುತ್ತಿದ್ದದ್ದು ತನ್ನ ಕಂಪ್ಯೂಟರು. ತಾಳ ತಪ್ಪಿದೆ ಅಂತ ತಾನು ಹೇಳಿದ್ದು ಐವತ್ತು ವರ್ಷ ಹಾಡಿದವರಿಗೆ. ಅದೂ ಹನ್ನೆರಡು ಜನರ ಮುಂದೆ. ವಯಸ್ಸಿನ ಮಾತು ಬೇರೆ ಎತ್ತಿದ್ದೆ. ನನ್ನ ಬೆರಳು ನೋಡಿ ಅಂದೆನಲ್ಲ. ಅದನ್ನು ನೆನೆದು ರಾಚಪ್ಪನ ಮೈಯೆಲ್ಲ ಬಿಸಿಯಾಯಿತು. ಇಷ್ಟು ನಾಚಿಕೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಏಳಲು ಹೋಗಿ ಕಂಪ್ಯೂಟರಿನ ತಗಡಿನ ಮೇಲೆ ಕೈಯೂರಿದ. ಜುಮ್ ಅಂತು. ಬಗ್ಗಿ ನೋಡಿದ. ಕೋಣೆಯ ಸಾಕೆಟ್ಟಿಗೆ ಇದ್ದದ್ದು ಎರಡೇ ತೂತು. ಬುಧವಾರ ಅವಸರದಲ್ಲಿ ತಾನೇ ಎರಡು ಕಾಲಿನ ಪ್ಲಗ್ಗು ಸಿಕ್ಕಿಸಿ, ಅರ್ಥಿಂಗ್ ಇಲ್ಲದೆ ನಡೆಸಿದ್ದ. ಆ ಗುಂಯ್ ಸದ್ದೂ ಅಲ್ಲಿಂದಲೇ. ಆಶ್ರಮದಲ್ಲಿ ಮೂರು ತೂತಿನ ಸಾಕೆಟ್ ಇದ್ದದ್ದು ಒಂದೇ ಕಡೆ. ಚಿಕ್ಕತಾಯವ್ವನ ಗ್ರೈಂಡರಿನ ಹತ್ತಿರ.

ಎಲ್ಲವನ್ನೂ ಹೊತ್ತು ಅಡುಗೆಮನೆಗೆ ಹೋದ.

"ನನ್ನ ಗ್ರೈಂಡರ್ ಗಲಾಟೆ ಮಾಡ್ತದೆ ಅಂದೆ" ಅಂದಳು ಚಿಕ್ಕತಾಯವ್ವ. "ಈಗ ಅದನ್ನೆಬ್ಬಿಸಿ ನಿನ್ನ ಡಬ್ಬ ಕೂರಿಸ್ತೀಯಾ?"

"ಸದ್ದು ನಂದೇ ಇತ್ತು ಚಿಕ್ಕತಾಯವ್ವ. ತಾಳ ತಪ್ಪಿದ್ದೂ ನಂದೇ."

"ಅದನ್ನ ನನಗ್ಯಾಕಪ್ಪ ಹೇಳ್ತೀಯ?" ಅಂತ ಅವಳು ಸೌಟಿನಿಂದಲೇ ಹೊಳೆಯ ಕಡೆ ತೋರಿಸಿದಳು.

ಪ್ಲಗ್ಗು ಹಾಕಿದ. ಗುಂಯ್ ಹೋಗಿತ್ತು. ಹೆಡ್‌ಫೋನನ್ನು ಸುತ್ತಿ ಚೀಲದೊಳಕ್ಕೆ ತುರುಕಿದ. ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಯಿತು. ಆದರೆ ಆ ಹನ್ನೊಂದು ಮೆಟ್ಟಿಲು ಇಳಿಯಲು ಅವನಿಗೆ ಕಾಲು ಬರಲಿಲ್ಲ. ಶನಿವಾರ ಬೆಳಗ್ಗೆ ಎರಡು ಸಲ ನಾಲ್ಕನೇ ಮೆಟ್ಟಿಲವರೆಗೆ ಹೋಗಿ, ಏನೋ ಮರೆತವನಂತೆ ವಾಪಸ್ಸು ಬಂದ. ಯಾವ ಮುಖ ಹೊತ್ತು ಹೋಗುವುದು? ಮೂರನೇ ಸಲ ತಲೆ ತಗ್ಗಿಸಿಕೊಂಡೇ ಇಳಿದ.

ಗುರು ಕಾಲನ್ನು ನೀರಿಗಿಳಿಬಿಟ್ಟು ಕೂತಿದ್ದರು.

"ನಿಮ್ಮ ತಾಳ ತಪ್ಪಿರಲಿಲ್ಲ ಬುದ್ಧಿ" ಅಂದ ರಾಚಪ್ಪ. "ನಿಮ್ಮ ಕಿವೀಲಿ ಕೇಳ್ತಿದ್ದದ್ದು ನಿಮ್ಮದೇ ದನಿ. ನನ್ನ ಕಂಪ್ಯೂಟರು ಅದನ್ನ ತಡ ಮಾಡಿ ಬಿಡ್ತಿತ್ತು. ಹಂಗೆ ಮಾಡಿಟ್ಟಿದ್ದು ನಾನೇ. ನನಗೆ ಬುದ್ಧಿ ಇರಲಿಲ್ಲ."

ಗುರು ಅವನನ್ನೇ ನೋಡಿದರು.

"ಗುಂಯ್ ಅಂತಿತ್ತಲ್ಲ, ಅದು?"

"ಅದೂ ನಂದೇ."

"ಗ್ರೈಂಡರ್ ಅಲ್ಲ?"

"ಅಲ್ಲ ಬುದ್ಧಿ."

"ನಾಯಿ?"

"ಅಲ್ಲ ಬುದ್ಧಿ."

"ಪಾಪ, ಅದು ಮೂರು ದಿನದಿಂದ ಜಗುಲಿ ಹತ್ತಿಲ್ಲ." ಗುರು ಕಾಲು ಒರೆಸಿಕೊಂಡು ಎದ್ದರು. "ಸರಿ. ನನಗೆ ಹೇಳಿದೆ. ಅವತ್ತು ಜಗುಲೀಲಿ ಕೇಳಿಸ್ಕೊಂಡವರಿಗೆ?"

ಮಧ್ಯಾಹ್ನದೊಳಗೆ ರಾಚಪ್ಪ ಆ ಹನ್ನೆರಡು ಜನರನ್ನೂ ಮನೆಮನೆಗೆ ಹೋಗಿ ಕರೆತಂದ. ಜಗುಲಿಯಲ್ಲಿ ನಿಂತು, ತಪ್ಪಿದ್ದು ಗುರುವಲ್ಲ, ನಾನು ಅಂದ. ಬಫರ್, ಪ್ಲಗ್ಗು ಅಂತ ವಿವರಿಸಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಅದೆಲ್ಲ ತಪ್ಪಿಸಿಕೊಳ್ಳುವ ಮಾತಿನಂತೆ ಅವನಿಗೇ ಕೇಳಿಸಿತು. "ನಾನು ಹಂಗೆ ಅನ್ನಬಾರದಿತ್ತು" ಅಂದ, ಅಷ್ಟೇ.

ಗುರು ಮೊಳೆಯಿಂದ ತಂಬೂರಿ ತೆಗೆದುಕೊಂಡು ಅಡುಗೆಮನೆಗೆ ನಡೆದರು.

ಒಲೆಯ ಪಕ್ಕ ಚಾಪೆ ಹಾಸಿ ಹಾಡಿದರು. ಶನಿವಾರ ಆರು ಪದ, ಭಾನುವಾರ ಹನ್ನೊಂದು. ನಡುನಡುವೆ ಗಂಟಲು ಕೈಕೊಟ್ಟಿತು. ಬಿಸಿನೀರು ಕುಡಿದು ಮತ್ತೆ ಹಾಡಿದರು. ಒಂದು ಪದದ ಮಧ್ಯೆ ಚಿಕ್ಕತಾಯವ್ವ ಕೈತಪ್ಪಿ ತಟ್ಟೆ ಬೀಳಿಸಿದಳು. ಹೊಳೆಯ ಸದ್ದಂತೂ ಎಲ್ಲದರಲ್ಲೂ ಇತ್ತು. ರಾಚಪ್ಪ ಯಾವುದನ್ನೂ ತೆಗೆಯಲು ಹೋಗಲಿಲ್ಲ.

ಭಾನುವಾರ ಸಂಜೆ ಹದಿನೇಳನೆಯದು ಮುಗಿಯಿತು. ನಾಯಿ ಬಾಗಿಲ ಹತ್ತಿರ ಬಂದು ಮಲಗಿತ್ತು. ರಾಚಪ್ಪ ವೈರು ಸುತ್ತುತ್ತಿದ್ದ. ನಾಚಿಕೆ ಸ್ವಲ್ಪ ಇಳಿದಿತ್ತು. ಆಗಬೇಕಾದದ್ದೆಲ್ಲ ಆಯಿತು ಅನ್ನಿಸಿತ್ತು. ಮನಸ್ಸಿನಲ್ಲಿ ಉಳಿದಿದ್ದದ್ದನ್ನು ಕೇಳಿಯೇಬಿಟ್ಟ.

"ಅವತ್ತು ಕಿವೀಲಿ ದನಿ ತಡವಾಗಿ ಬರ್ತಿದ್ದದ್ದು ನಿಮಗೆ ಗೊತ್ತಾಗಿತ್ತಾ ಬುದ್ಧಿ?"

"ಗೊತ್ತಾಗದೆ ಇರ್ತದಾ?"

"ಮತ್ತೆ ಅದನ್ನ ಕಿತ್ತು ಆಚೆಗಿಟ್ಟು ಹಾಡಬಹುದಿತ್ತಲ್ಲ. ನಿಮ್ಮ ಪಾಡಿಗೆ ನೀವು ಮುಂದೆ ಹೋಗಬಹುದಿತ್ತು. ಯಾಕೆ ನಿಂತ್ಕೊಂಡ್ರಿ?"

ಗುರು ತಂಬೂರಿಗೆ ಬಟ್ಟೆಯ ಗವಸು ಹಾಕುತ್ತಿದ್ದರು. ಗಂಟಲು ಪೂರ್ತಿ ಒಡೆದುಹೋಗಿತ್ತು. ಮಾತು ಕೇಳಿಸಿಕೊಳ್ಳಲು ರಾಚಪ್ಪ ಹತ್ತಿರ ಬಗ್ಗಬೇಕಾಯಿತು.

"ನನ್ನ ದನಿ ಅಂತ ನನಗೆಲ್ಲಿ ಗೊತ್ತಿತ್ತು? ಹಿಂದೆ ಬೀಳ್ತಿರೋನು ನೀನು ಅಂದ್ಕೊಂಡೆ ಕಣೋ. ಬಂದು ಸೇರ್ಕೊಳ್ಳಲಿ ಅಂತ ಕಾಯ್ತಿದ್ದೆ."